ಉಲ್ಟಾ ಅರ್ಥದ ಗಾಡಿಗೆ ಮೂರು ದೀಪ

“ನಿಮ್ಮ ಗಾಡೀದು ಅರ್ಥ ಉಲ್ಟಾ ಐತ್ರಿ,” ಎಂದ ಮಿಸ್ತ್ರಿ.

ಅವನು ನನ್ನೊಡನೆ ಆಡಿದ ಮೊದಲ ಮಾತು ಇದೇ ಎಂದು ಬರೆಯುವ ಆಸೆ. ಆದರೆ ಅದು ನಿಜವಿರಲಾರದು. ಮೊದಲು ಬರ್ರಿ ಎಂದಿರಬೇಕು, ಕುಂದ್ರಿ ಎಂದಿರಬೇಕು, ಬಾನೆಟ್ ಎತ್ತಲು ನನ್ನನ್ನೇ ಕರೆದಿರಬೇಕು; ಅಪ್ಪನ ಕಾರಿನ ಬಾನೆಟ್ಟಿನ ಕೊಂಡಿ ನನ್ನ ಕೈಗಲ್ಲದೆ ಇನ್ನೊಬ್ಬರ ಕೈಗೆ ಬಗ್ಗುವುದಿಲ್ಲ. ನೆನಪು ಅದನ್ನೆಲ್ಲ ಕಿತ್ತುಹಾಕಿ ಈ ಒಂದು ಮಾತನ್ನು ಬಾಗಿಲಿಗೆ ತಂದು ನಿಲ್ಲಿಸಿದೆ. ನೆನಪು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದಾಗಲೆಲ್ಲ ಅದು ಏನನ್ನೋ ಮುಚ್ಚಿಡುತ್ತಿದೆ ಎಂದೇ ನನಗೆ ಅನಿಸುತ್ತದೆ.

ಅವನು ಅರ್ಥ ಎಂದದ್ದು ಇಂಗ್ಲಿಷಿನ ‘ಅರ್ತ್’ ಅನ್ನು. ಗಾಡಿಯ ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಮೈಗೇ ಕಟ್ಟಿರುತ್ತಾರೆ. ದೀಪಕ್ಕೆ ಒಂದೇ ವೈರು ಸಾಕು, ಇನ್ನೊಂದರ ಕೆಲಸವನ್ನು ಕಬ್ಬಿಣದ ಮೈಯೇ ಮಾಡುತ್ತದೆ. ಹೊಸಪೇಟೆಯ ಗ್ಯಾರೇಜುಗಳ ಬಾಯಲ್ಲಿ ಅದು ಉರುಳಿ ಉರುಳಿ ‘ಅರ್ಥ’ವಾಗಿದೆ. ಇವತ್ತಿನ ಗಾಡಿಗಳಲ್ಲೆಲ್ಲ ಮೈಗೆ ಕಟ್ಟುವುದು ಮೈನಸ್ ತುದಿಯನ್ನು. ಅಪ್ಪನ ಕಾರಿನಲ್ಲಿ ಪ್ಲಸ್ಸನ್ನು ಕಟ್ಟಿತ್ತು. ನೋಡಿದವರೆಲ್ಲ ಅದನ್ನು ಅಂಬಾಸಿಡರ್ ಎನ್ನುತ್ತಾರೆ. ಅಲ್ಲ, ಅದಕ್ಕೂ ಹಿಂದಿನದು. ಆ ಕಾಲದಲ್ಲಿ ಹಾಗೆಯೇ ಕಟ್ಟುತ್ತಿದ್ದರಂತೆ.

ಆವತ್ತು ನನಗೆ ಇದಾವುದೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, “ಅರ್ಥ ಉಲ್ಟಾ ಅಂದ್ರ?” ಎಂದು ಕೇಳಿದೆ.

“ಕನ್ನಡ ಮೇಷ್ಟ್ರು ಅಂತೀರಿ, ಅರ್ಥ ಗೊತ್ತಿಲ್ಲೇನ್ರಿ?”

ಎದುರಿನ ಚಹದಂಗಡಿಯವನು ಕಿಸಕ್ಕನೆ ನಕ್ಕ. ನನಗೆ ಮಿಸ್ತ್ರಿಯ ಮೇಲೆ ಅನುಮಾನ ಹುಟ್ಟಿದ್ದು ಆ ಗಳಿಗೆಯಲ್ಲಿ. ಕಾರಣವೇನಿಲ್ಲ. ಜನ ನಕ್ಕರು ಅಷ್ಟೆ.

ಕಾರಿಗೆ ಹೆಚ್ಚಿನ ದೀಪ ಹಾಕಿಸಲು ಹೊರಟದ್ದು ಶೋಕಿಗಲ್ಲ. ನನ್ನ ಅಕ್ಕ ಕಂಪ್ಲಿಯಲ್ಲಿ ಇದ್ದಾಳೆ, ರೈಸ್‌ಮಿಲ್ಲಿನ ಅಂಗಳದ ಮನೆಯಲ್ಲಿ. ಎರಡು ವರ್ಷದಿಂದ ಅವಳಿಗೆ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಏಳಕ್ಕೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಅವಳ ಪಾಳಿ. ಅವಳ ಮಗ ಮಿಲ್ಲು ಬಿಟ್ಟು ಬರುವ ಹಾಗಿಲ್ಲ. ರೋಗಿಗಳನ್ನು ಒಟ್ಟಿಗೆ ಕರೆತರುವ ವ್ಯಾನೊಂದಿದೆ. ಅದು ಬೇಡ, ನಾನೇ ಕರೆತರುತ್ತೇನೆ ಎಂದು ಹಟ ಮಾಡಿದವನು ನಾನು. ಐದಕ್ಕೆ ಮೊದಲೇ ಹೊಸಪೇಟೆ ಬಿಟ್ಟು, ಕಮಲಾಪುರ, ಬುಕ್ಕಸಾಗರ ದಾಟಿ ಕಂಪ್ಲಿ. ಅಲ್ಲಿಂದ ಅವಳನ್ನು ಕೂರಿಸಿಕೊಂಡು ವಾಪಸ್ಸು. ಅಕ್ಕ ನನ್ನ ಬಾಲ್ಯಕ್ಕೆ ಉಳಿದಿರುವ ಒಬ್ಬಳೇ ಸಾಕ್ಷಿ, ಅದೂ ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ಹೇಳದ ಸಾಕ್ಷಿ. ಈ ಕಾರನ್ನು ಅಪ್ಪ ತಂದ ದಿನ ನಾನು ಹೆದರಿ ಅತ್ತೆ ಎಂದು ಮಂಗಳವಾರ ಹೇಳಿದರೆ, ಅತ್ತವಳು ತಾನು ಎಂದು ಗುರುವಾರ ಹೇಳುತ್ತಾಳೆ. ವಾರಕ್ಕೆ ಮೂರು ಸಲದ ಆ ಒಂದು ಗಂಟೆ ನನಗೆ ಬೇಕಾಗಿತ್ತು. ಅವಳಿಗೂ ಬೇಕಾಗಿತ್ತೇ ಎಂದು ಕೇಳಿರಲಿಲ್ಲ.

ಚಳಿಗಾಲದಲ್ಲಿ ಬುಕ್ಕಸಾಗರದ ಆಚೆ ಗದ್ದೆಯ ನೀರು, ಕಾಲುವೆಯ ನೀರು, ಬಾಳೆತೋಟ ಎಲ್ಲ ಸೇರಿ ಮಂಜು ಕಟ್ಟುತ್ತದೆ. ಕಾರಿನ ದೊಡ್ಡ ದೀಪ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಡಿಸೆಂಬರಿನ ಒಂದು ಗುರುವಾರ, ಅಕ್ಕನನ್ನು ಕರೆತರುವಾಗ, ಆ ಬಿಳುಪಿನೊಳಗಿಂದ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂಬದಿ ಎದ್ದು ಬಂತು. ಹಿಂದೆ ಒಂದು ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಎಡಕ್ಕೆ ಎಳೆದೆ. ಎಡಗಡೆಯ ಎರಡು ಚಕ್ರ ಕಾಲುವೆಯ ಏರಿಯ ಸಡಿಲು ಮಣ್ಣಿಗೆ ಇಳಿದವು. ಕಾರು ವಾಲಿತು. ಅಕ್ಕನ ಕಿಟಕಿಯ ಕೆಳಗೆ ನೀರು ಹರಿಯುವ ಸಪ್ಪಳ ನನಗೂ ಕೇಳಿಸಿತು.

ಹೇಗೋ ಗಾಡಿಯನ್ನು ರಸ್ತೆಗೆ ಹತ್ತಿಸಿ ಅಕ್ಕನನ್ನು ಆಸ್ಪತ್ರೆಯ ಗೇಟಿಗೆ ತಂದೆ. ಇಳಿಯುವಾಗ ಹೇಳಿದಳು: “ತಮ್ಮಾ, ಸಂಕ್ರಾಂತಿ ತನಕ ನೋಡ್ತೀನಿ. ಆಮ್ಯಾಲೂ ಹಿಂಗ ಕಣ್ಣಿಗೆ ಬಟ್ಟಿ ಕಟ್ಕೊಂಡು ಹೊಡೀತೀನಿ ಅಂದ್ರ ನಾ ವ್ಯಾನಿಗೆ ಬರ್ತೀನಿ. ನೀ ಮನ್ಯಾಗ ಮಲ್ಕೋ.”

“ಹೆದ್ರಿದೇನಬೇ?”

“ಸಾಯಾಕ ಹೆದ್ರಿಕಿಲ್ಲ. ಕಾಲುವ್ಯಾಗ ಬ್ಯಾಡ. ಸೀರೀ ಎಲ್ಲಾ ರಾಡಿ ಆಕ್ಕೈತಿ.”

ನಕ್ಕಳು. ಆದರೆ ಅವಳ ಮಗ ಅವತ್ತೇ ವ್ಯಾನಿನಲ್ಲಿ ಒಂದು ಸೀಟು ಹಿಡಿದಿಟ್ಟ.

ಮೊದಲು ಹೋದದ್ದು ಹೆದ್ದಾರಿ ಪಕ್ಕದ ಕಾರು ಸಿಂಗಾರದ ಅಂಗಡಿಗೆ. ಮಂಜಿಗೆಂದೇ ಮಾಡಿದ ಹೊಸ ಎಲ್ಇಡಿ ದೀಪಗಳನ್ನು ಅಂಗಡಿಯವನು ಜೋಡಿಸಿದ. ಹತ್ತಲಿಲ್ಲ. ತೆಗೆದು ತನ್ನ ಸ್ಕೂಟರಿನ ಬ್ಯಾಟರಿಗೆ ಹಿಡಿದ. ಝಗ್ಗನೆ ಹತ್ತಿದವು. ಮತ್ತೆ ಕಾರಿಗೆ ಹಿಡಿದ. ಇಲ್ಲ. “ಸಾರ್, ನಿಮ್ಮ ಗಾಡಿ ಸತ್ತೈತಿ,” ಎಂದ. ಅವನು ಹಾಗೆನ್ನುವಾಗ ಕಾರಿನ ಎರಡು ಹೆಡ್‌ಲೈಟೂ ಅವನ ಮುಖದ ಮೇಲೆ ಉರಿಯುತ್ತಿದ್ದವು. ಅವನು ಮಾಲು ಕೆಟ್ಟದ್ದು ಕೊಟ್ಟಿದ್ದಾನೆ ಎಂದು ನಾನು, ನಾನು ಗಾಡಿಗೆ ಏನೋ ಮಾಡಿ ತಂದಿದ್ದೇನೆ ಎಂದು ಅವನು, ಒಬ್ಬರನ್ನೊಬ್ಬರು ನೋಡಿದೆವು. ಕೊನೆಗೆ ಕಾಲುವೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೇ ಮಿಸ್ತ್ರಿ ಒಬ್ಬನಿದ್ದಾನೆ, ಗಣಿ ಲಾರಿಗಳ ಕಾಲದವನು, ಅವನಲ್ಲಿಗೆ ಹೋಗಿ ಎಂದು ಕಳಿಸಿದ.

ಹಾಗೆ ಬಂದದ್ದು, ಅರ್ಥ ಉಲ್ಟಾ ಎನ್ನುವ ಮಾತಿನವರೆಗೆ.

ಮಿಸ್ತ್ರಿಗೆ ನನ್ನಷ್ಟೇ ವಯಸ್ಸು. ಬ್ಯಾಟರಿಯ ಕಡೆ ಒಂದು ಸಲ ನೋಡಿದ, ಅಷ್ಟೆ. “ಹೊಸಾ ದೀಪಕ್ಕ ಪ್ಲಸ್ಸು ಮೈನಸ್ಸು ಭೇದ ಐತ್ರಿ. ಉಲ್ಟಾ ಕೊಟ್ರ ಉಣ್ಣಂಗಿಲ್ಲ. ಹಳೇ ಬಲ್ಬಿನ ದೀಪಕ್ಕ ಭೇದ ಇಲ್ಲ, ಯಾವ ಕಡೀಂದ ಕೊಟ್ರೂ ಕುಡೀತೈತಿ. ಹಳೇವು ಹುಡುಕ್ಕೊಂಡು ಬರ್ರಿ. ಎರಡು ಹಳದಿ ಗ್ಲಾಸಿನ್ವು, ತೆಳಗ ಹಾಕಾಕ. ಒಂದು ಸ್ಪಾಟು, ಕಾಲುವಿ ಅಂಚಿಗೆ ಹಿಡಿಯಾಕ.”

“ಗಾಡೀ ಅರ್ಥಾನ ತಿರುಗಿಸಿಬಿಟ್ರ?”

“ತಿರುಗಿಸಬೌದು. ಡೈನಮೋಕ್ಕ ಮತ್ತ ಒಂದನೇ ಕ್ಲಾಸಿಂದ ಪಾಠ ಹೇಳಬೇಕು. ಬ್ಯಾಡ ಬಿಡ್ರಿ, ಮುದುಕಿ ಐತಿ.”

ತನಗೆ ಹೆಚ್ಚು ಕೆಲಸ ಸಿಗುವ ದಾರಿಯನ್ನು ಬಿಟ್ಟು ಕಡಿಮೆ ಕೆಲಸದ ದಾರಿ ತೋರಿಸುತ್ತಿದ್ದಾನೆ. ಯಾಕೆ? ಹಳೆಯ ದೀಪಗಳನ್ನೇ ತರಲು ಹೇಳುತ್ತಿದ್ದಾನೆ. ಯಾಕೆ? ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ.

ಹೆಂಡತಿಯ ತಮ್ಮ ವಡ್ಡು ಎಂಬ ಊರಿನಲ್ಲಿ ಮನೆ ಮಾಡಿಕೊಂಡು ಅಲ್ಲಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತಾನೆ. ಅವನು ನನ್ನನ್ನು ಸಂಡೂರಿನ ಗುಜರಿಯೊಂದಕ್ಕೆ ಕರೆದುಕೊಂಡು ಹೋದ. ಗಣಿಯಲ್ಲಿ ದುಡಿದು ಸತ್ತ ಜೀಪುಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು. ಮೂರು ದೀಪ ಸಿಕ್ಕವು, ಬಣ್ಣವಿಲ್ಲದ ಬಿಳಿ ತಗಡಿನ ಸ್ಪಾಟು ಒಂದು, ಹಳದಿಯವು ಎರಡು. ನೀರು ಹಾಕಿ ಉಜ್ಜಿದಾಗ ಕೆಂಪು ಧೂಳಿನ ಕೆಳಗಿಂದ ಬೆಲ್ಲದ ಪಾಕದ ಬಣ್ಣದ ಗಾಜು ಹೊರಬಂತು. ಗಟ್ಟಿ ತಗಡಿನ ಕರಿ ಬಣ್ಣದ ಮೈ. ತಳದಲ್ಲಿ ನಿಲ್ಲಿಸಲು ಒಂದು ಬೋಲ್ಟು.

“ಭಾವ, ಇಂಥಾವು ಈಗ ಸಿಗಂಗಿಲ್ರಿ,” ಎಂದ ಹೆಂಡತಿಯ ತಮ್ಮ. “ಗ್ಯಾರೇಜಿನ್ಯಾಗ ಬಿಟ್ಟು ಬಂದ್ರ ಅಣ್ಣನ್ನ ಇಟ್ಕೊಂಡು ತಮ್ಮನ್ನ ಕಳಸ್ತಾರ. ನೋಡಾಕ ಹಂಗಽ ಇರ್ತೈತಿ. ಬಿಡೂಕಿಂತ ಮೊದ್ಲ ಗುರುತು ಹಾಕ್ರಿ.”

ಅವನ ಕಾರ್ಖಾನೆಯಲ್ಲಿ ಗುರುತಿಲ್ಲದ ವಸ್ತುವಿಲ್ಲ. ಪಾನಾಕ್ಕೆ ಗುರುತು, ಹೆಲ್ಮೆಟ್ಟಿಗೆ ಗುರುತು. ಅವನ ಊಟದ ಡಬ್ಬಿಯ ಮುಚ್ಚಳದ ಮೇಲೂ ಪಂಚಿನಲ್ಲಿ ಹೊಡೆದ ಮೂರು ಚುಕ್ಕಿ. ನನಗದು ಬಹಳ ಸರಿ ಎನಿಸಿತು. ಮನೆಗೆ ಬಂದು ಮಗಳ ಹಳೆಯ ಕಂಪಾಸು ಪೆಟ್ಟಿಗೆಯಿಂದ ಕೈವಾರ ತೆಗೆದು, ಹಳದಿ ದೀಪವನ್ನು ತೊಡೆಯ ಮೇಲೆ ಕವುಚಿಟ್ಟುಕೊಂಡು, ತಳದಲ್ಲಿ, ಬೋಲ್ಟಿನ ಪಕ್ಕ, ‘ಅ’ ಎಂದು ಕೆರೆದೆ. ಎರಡಕ್ಕೂ ಕೆರೆದೆ. ‘ಎರಡಕ್ಕೂ’ ಎಂಬುದು ಆಗಿನ ನನ್ನ ನೆನಪು. ಅದನ್ನು ಹಾಗೆಯೇ ಬಿಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

‘ಅ’ ಯಾಕೆ? ಅಪ್ಪನಿಗೆಂದೋ ಅಕ್ಕನಿಗೆಂದೋ ಹೇಳಬಹುದು. ಕೈವಾರ ಹಿಡಿದಾಗ ಬಂದ ಮೊದಲ ಅಕ್ಷರ, ಅಷ್ಟೇ ಇರಬೇಕು.

ದೀಪ ಕೊಡುವಾಗ ಮಿಸ್ತ್ರಿಗೆ ಎರಡು ಷರತ್ತು ಹಾಕಿದೆ. ಗಾಡಿಗೆ ಒಂದೂ ಹೊಸ ತೂತು ಕೊರೆಯಬಾರದು. ಎಲ್ಲಿಯೂ ಬಣ್ಣ ಕೆರೆಯಬಾರದು, ಗಾಡಿಯದೂ ಸರಿ, ದೀಪದ್ದೂ ಸರಿ.

“ಬಣ್ಣ ಕೆರೀದ ಅರ್ಥ ಹೆಂಗ ಸಿಗಬೇಕ್ರಿ?” ಎಂದ. “ಬಣ್ಣ ಅಂದ್ರ ಅರ್ಥಕ್ಕ ಗ್ವಾಡಿ ಇದ್ದಂಗ. ಕಬ್ಬಿಣಕ್ಕ ಕಬ್ಬಿಣ ತಾಗಬೇಕು.”

“ಒರಿಜಿನಲ್ ಬಣ್ಣ ಐತಿ. ಬ್ಯಾಡ.”

“ಹಂಗಿದ್ರ ಒಂದೊಂದು ದೀಪಕ್ಕ ಇನ್ನೊಂದು ವೈರ್ ಎಳೀತೀನಿ, ಸೀದಾ ಬ್ಯಾಟರಿ ತನಕ.”

“ಕರುಳು ಹೊರಗ ಬಂದಂಗ ಕಾಣ್ತೈತಿ. ಬ್ಯಾಡ.”

ಅವನು ನನ್ನನ್ನೇ ನೋಡಿದ. “ಆತು. ಗಾಡಿ ನಿಮ್ದು. ಮಿಣುಕಿದ್ರ ನನಗ ಅನಬ್ಯಾಡ್ರಿ.”

ಕೊನೆಯ ಮಾತು ಆವತ್ತು ನನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಈಗ ಬಹಳ ಸ್ಪಷ್ಟವಾಗಿ ಕೇಳಿಸುತ್ತಿದೆ, ಅದಕ್ಕೇ ನಂಬಲಾರೆ.

ಭಾನುವಾರ, ಸೋಮವಾರ ಗಾಡಿ ಅವನ ಶೆಡ್ಡಿನಲ್ಲಿತ್ತು. ನಾನು ಎದುರಿನ ಚಹದಂಗಡಿಯಲ್ಲಿದ್ದೆ. ಪೇಪರು ಹಿಡಿದುಕೊಂಡಿದ್ದೆ, ಓದಲಿಲ್ಲ. ಒಂದು ಹಳದಿ ದೀಪವನ್ನು ಅವನು ಬಟ್ಟೆಯಲ್ಲಿ ಸುತ್ತಿ ಶೆಡ್ಡಿನ ಒಳಗಿನ ಕತ್ತಲಿಗೆ ಒಯ್ದ. ಎಷ್ಟೋ ಹೊತ್ತಿನ ಮೇಲೆ ತಂದ. ಗೋಣಿಚೀಲ ಹಿಡಿದು ಬಂದ ಒಬ್ಬ ಬರಿಗೈಯಲ್ಲಿ ಹೋದ. ಮಿಸ್ತ್ರಿ ಫೋನಿನಲ್ಲಿ ಯಾರಿಗೋ “ಬಂದೈತಿ, ಬಂದೈತಿ” ಎಂದ. ಏನು ಬಂದಿದೆ? ಚಹದಂಗಡಿಯವನು ಆರನೆಯ ಚಹ ಕೊಡುವಾಗ, “ಮೇಷ್ಟ್ರ, ಇಲ್ಲೇ ಹಾಸಿಗಿ ಹಾಸ್ಲೇನ್ರಿ?” ಎಂದು ಕೇಳಿದ.

ಸೋಮವಾರ ಸಂಜೆ ಗಾಡಿ ಕೊಟ್ಟ. ಹಳದಿ ದೀಪ ಎರಡೂ ಬಂಪರಿನ ಕೆಳಗೆ ತೂಗುತ್ತಿದ್ದವು. ಮಂಜಿನ ದೀಪ ತಗ್ಗಿನಲ್ಲಿದ್ದಷ್ಟೂ ಒಳ್ಳೆಯದಂತೆ. ನಡುವೆ ಸ್ಪಾಟು, ಸ್ವಲ್ಪ ಎಡಕ್ಕೆ ತಿರುಗಿ. ಡ್ಯಾಶಿನ ಕೆಳಗೆ ಮೂರು ಸಣ್ಣ ಸ್ವಿಚ್ಚು. ಹೊಸ ತೂತು ಒಂದೂ ಇಲ್ಲ. ಹಳೆಯ ವೈರುಗಳ ಜೊತೆಗೇ ಹೊಸ ವೈರುಗಳನ್ನು ಹೆಣೆದು ನೂಲು ಸುತ್ತಿದ್ದ, ಜಡೆ ಹಾಕಿದಷ್ಟು ನೀಟಾಗಿ. ಅಷ್ಟು ನೀಟು ಯಾಕೆ ಎಂದುಕೊಂಡೆ.

ಮಂಗಳವಾರ ಬೆಳಗಿನ ಜಾವ ಹೊರಟೆ. ಕಮಲಾಪುರದಲ್ಲಿ ಹಂಪಿಯ ಸೂರ್ಯೋದಯಕ್ಕೆ ಹೊರಟ ಪ್ರವಾಸಿಗಳ ಟೆಂಪೋ ಒಂದು ನನ್ನ ಗಾಡಿ ನೋಡಿ ನಿಧಾನ ಮಾಡಿತು. ಯಾರೋ ಫೋಟೋ ತೆಗೆದರು. ಬುಕ್ಕಸಾಗರ ದಾಟಿದ ಮೇಲೆ ಮಂಜು. ಮೂರೂ ಸ್ವಿಚ್ಚು ಒತ್ತಿದೆ. ರಸ್ತೆ ಕಾಣಿಸಿತು. ಬಿಳಿ ಗೋಡೆಯ ಕೆಳಗೆ ಹಳದಿ ಚಾಪೆ ಹಾಸಿದ ಹಾಗೆ, ಹತ್ತು ಮಾರು ರಸ್ತೆ, ಅದರ ಬಿರುಕು, ಬಿದ್ದ ಕಬ್ಬಿನ ಗಣಿಕೆ. ಖುಷಿಯಿಂದ ಒಬ್ಬನೇ ಏನೋ ಕೂಗಿದೆ. ಆಗಲೇ ಎಡಗಡೆಯ ಹಳದಿ ಮಿಣುಕಿತು. ಹತ್ತಿತು. ಮಿಣುಕಿತು. ಕಂಪ್ಲಿ ಬರುವಷ್ಟರಲ್ಲಿ ಆರಿಹೋಯಿತು.

ಅಕ್ಕ ಮಿಲ್ಲಿನ ಗೇಟಿನಲ್ಲಿ ಶಾಲು ಹೊದ್ದು ನಿಂತಿದ್ದಳು. “ಏನೋ ತಮ್ಮಾ, ಒಂದ್ಗಣ್ಣಲೆ ಬಂದ್ಯಲ್ಲ?” ಎಂದಳು. ಕೂತ ಮೇಲೆ ಬೆರಳು ಮಡಿಸಿದಳು: “ಗುರುವಾರ ಒಂದು, ಶನಿವಾರ ಒಂದು. ಆಮ್ಯಾಲೆ ಸಂಕ್ರಾಂತಿ.”

ಅವಳನ್ನು ಒಳಗೆ ಬಿಟ್ಟು ಬಂದು, ಆಸ್ಪತ್ರೆಯ ಅಂಗಳದಲ್ಲಿ ನೆಲಕ್ಕೆ ಅಂಗಾತ ಮಲಗಿ, ಮೊಬೈಲಿನ ಟಾರ್ಚು ಹಿಡಿದು ಎಡದ ದೀಪದ ತಳ ನೋಡಿದೆ. ‘ಅ’ ಇರಲಿಲ್ಲ. ಬಲದ್ದರ ತಳ ನೋಡಿದೆ. ಅಲ್ಲಿಯೂ ಇಲ್ಲ. ನುಣ್ಣನೆಯ ಕರಿ ಬಣ್ಣ. ಕಾವಲುಗಾರ ಬಂದು, “ಏನ್ ಬಿದ್ದೈತ್ರಿ?” ಎಂದ. ಎದ್ದು ಬೆನ್ನಿನ ಮಣ್ಣನ್ನೂ ಕೊಡವದೆ ಸೀದಾ ಶೆಡ್ಡಿಗೆ ಹೋದೆ. ದಾರಿಯಲ್ಲಿ ನನಗೆ ಸ್ವಲ್ಪ ಸಂತೋಷವೇ ಆಗಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು. ಅನುಮಾನ ನಿಜವಾದರೆ ಆಗುವ ಸಂತೋಷ, ಪರೀಕ್ಷೆಯಲ್ಲಿ ಪಾಸಾದ ಹಾಗೆ.

“ಎಡಗಡೀ ದೀಪ ಮಿಣುಕತೈತಿ,” ಎಂದೆ.

“ಮಿಣುಕತೈತಿ. ಅವತ್ತ ಹೇಳಿದ್ನಲ್ರಿ.”

“ನನ್ನ ದೀಪ ಆಗಿದ್ರ ಮಿಣುಕ್ತಿರ್ಲಿಲ್ಲ.”

ಎದುರಂಗಡಿಯಲ್ಲಿ ಚಹ ಸುರಿಯುತ್ತಿದ್ದವನ ಕೈ ನಿಂತಿತು.

“ಅಂದ್ರ?”

“ಇವು ನಾ ಕೊಟ್ಟ ದೀಪ ಅಲ್ಲ. ನಾ ಗುರುತು ಹಾಕಿ ಕೊಟ್ಟಿದ್ದೆ. ಗುರುತಿಲ್ಲ.”

“ಎಲ್ಲಿ ಹಾಕಿದ್ರಿ?”

“ತಳದಾಗ.”

“ತಳದಾಗ,” ಎಂದು ಅವನು ತನಗೇ ಹೇಳಿಕೊಂಡ. ಪಾನಾ ತೆಗೆದುಕೊಂಡು ಬಂಪರಿನ ಮುಂದೆ ಕೂತು, ಎಡದ ದೀಪದ ಬೋಲ್ಟು ಸಡಿಲಿಸಿ, ಕೆಳಗಿಳಿಸಿ, ನನ್ನ ಕೈಗೆ ಕೊಟ್ಟ. ತಿರುಗಿಸಿ ತಿರುಗಿಸಿ ನೋಡಿದೆ. “ನೋಡ್ರಿ, ಇಲ್ಲ,” ಎಂದೆ, ಚಹದಂಗಡಿಗೆ ಕೇಳುವ ಹಾಗೆ. ಅವನು ಬಲದ್ದನ್ನೂ ಬಿಚ್ಚಿದ. ಬೋಲ್ಟಿನ ಕೆಳಗಿನ ವಾಷರನ್ನು ಹೆಬ್ಬೆರಳಿನಿಂದ ಸರಿಸಿದ. ಬೋಲ್ಟಿನ ಪಕ್ಕದಲ್ಲಿ, ಸೊಟ್ಟಗೆ, ಬೆಳ್ಳಗೆ, ‘ಅ’.

ಆ ದೀಪಗಳು ಬಂಪರಿನ ಮೇಲೆ ನಿಲ್ಲುವಂಥವು. ನಾನು ಕೆರೆಯುವಾಗ ಬೋಲ್ಟು ತಳದಲ್ಲಿತ್ತು. ಅವನು ಅವನ್ನು ಕೆಳಗೆ ತೂಗುಹಾಕಿದ್ದರಿಂದ ಬೋಲ್ಟು ಮೇಲಕ್ಕೆ ಹೋಗಿತ್ತು, ಅದರ ಜೊತೆ ನನ್ನ ಅಕ್ಷರವೂ. ನಾನು ನೆನಪಿಟ್ಟುಕೊಂಡದ್ದು ‘ತಳ’ವನ್ನು, ಬೋಲ್ಟನ್ನಲ್ಲ. ದೀಪಕ್ಕೆ ತಳ ಎಂಬುದೇನೂ ಇರಲಿಲ್ಲ. ತಳ ಇದ್ದದ್ದು ನನ್ನ ತಲೆಯಲ್ಲಿ.

“ಅ ಅಂದ್ರ ಏನ್ರಿ ಮೇಷ್ಟ್ರ?” ಎಂದರು ಮಿಸ್ತ್ರಿ. “ಅನುಮಾನಾನ?”

ಇಲ್ಲಿಯವರೆಗೆ ಅವರನ್ನು ‘ಅವನು’ ಎಂದು ಬರೆದಿದ್ದೇನೆ. ತಿದ್ದಬಹುದಿತ್ತು. ತಿದ್ದಲಿಲ್ಲ, ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಅದೇ. ಬಾಯಲ್ಲಿ ಬರ್ರಿ ಹೋಗ್ರಿ ಎನ್ನುತ್ತ ತಲೆಯಲ್ಲಿ ಇನ್ನೊಂದು ಇಟ್ಟುಕೊಂಡಿದ್ದೆ.

ಆದರೂ ಸೋಲಲಿಲ್ಲ. “ಎಡಕಿನ್ದಕ್ಕ ಗುರುತಿಲ್ಲಲ್ಲ?” ಎಂದೆ.

ಮಿಸ್ತ್ರಿ ಎರಡೂ ದೀಪಗಳ ಗಾಜು ಬಿಚ್ಚಿದರು. ಎರಡರ ಒಳಗೂ, ಅಂಚಿನ ಸಂದಿಯಲ್ಲಿ, ವರ್ಷಗಟ್ಟಲೆ ಕೂತು ಗಟ್ಟಿಯಾದ ಕೆಂಪು ಧೂಳು. “ಇದು ಸಂಡೂರಿನ ಅದಿರಿನ ಧೂಳು. ನಾ ಏನ್ ಚಮಚದಾಗ ತುಂಬಿ ಗ್ಲಾಸು ಮುಚ್ಚಿದ್ನೇನ್ರಿ? ಎರಡು ದಿನ ಎದುರಿಗೆ ಚಾ ಕುಡಕೋತ ಕುಂತಿದ್ರಿ. ತುಂಬೂದು ಕಾಣ್ಲಿಲ್ಲೇನು?”

ಅಂದರೆ ನಾನು ಕೂತದ್ದು ಅವರಿಗೆ ಕಾಣುತ್ತಲೇ ಇತ್ತು. ಚಹದಂಗಡಿಯವನು ಈ ಸಲ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಇನ್ನೊಂದು ಹೇಳ್ತೀನಿ ಕೇಳ್ರಿ,” ಎಂದರು ಮಿಸ್ತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಹೇಳುವ ದನಿ. “ಬಲಕಿನ್ದನ್ನ ನೀವು ಅನುಮಾನಪಟ್ಟು ಕೆರದ್ರಿ. ಬಣ್ಣ ಹೋಗಿ ಕಬ್ಬಿಣ ಕಾಣ್ತು. ನನ್ನ ವಾಷರು ಸೀದಾ ಅದರ ಮ್ಯಾಲೆ ಕುಂತು. ಅದಕ್ಕ ಅರ್ಥ ಸಿಗ್ತು, ಚಲೋ ಹತ್ತತೈತಿ. ಎಡಕಿನ್ದನ್ನ ನಂಬಿ ಬಿಟ್ರಿ. ಅದಕ್ಕ ಮಿಣುಕತೈತಿ.”

ನಾನು ಹಾಕಿದ ಷರತ್ತನ್ನು ನಾನೇ ಮೊದಲು ಮುರಿದಿದ್ದೆ, ಒಂದೇ ದೀಪಕ್ಕೆ. ಅವರು ಷರತ್ತು ಪಾಲಿಸಿದ್ದರು, ಎರಡಕ್ಕೂ.

ಸ್ಕ್ರೂಡ್ರೈವರನ್ನು ಹಿಡಿ ನನ್ನ ಕಡೆ ಮಾಡಿ ಚಾಚಿದರು. “ತಗೋರಿ. ಎಡಕಿನ್ದಕ್ಕ ನೀವಽ ಕೆರೀರಿ. ನಾ ಕೆರದ್ರ ಒರಿಜಿನಲ್ ಹೋಕ್ಕೈತಿ. ಮುಂದಿನ ಅಕ್ಷರ ಬರೀರಿ.”

ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೋಲ್ಟಿನ ಪಕ್ಕ, ‘ಆ’ ಎಂದು ಕೆರೆದೆ. ದೀರ್ಘ ಎಳೆಯುವಾಗ ಕೈ ಜಾರಿತು. ಅವರು ದೀಪ ಸೇರಿಸಿ ಬಿಗಿದು ಸ್ವಿಚ್ಚು ಹಾಕಿದರು. ಎರಡೂ ಹಳದಿ ಒಂದೇ ಸಮ ಹತ್ತಿ ನಿಂತವು. ಬಂಪರನ್ನು ಕಾಲಿನಿಂದ ಒದ್ದರು. ಮಿಣುಕಲಿಲ್ಲ.

“ಹನ್ನೊಂದಕ್ಕ ಅಕ್ಕಾರ್ನ ಬಿಡ್ತಾರಲ್ರಿ, ಹೊಂಡ್ರಿ,” ಎಂದರು. ಮೊದಲ ದಿನ ಎಂದೋ ಒಮ್ಮೆ ಹೇಳಿದ್ದ ವೇಳೆ. ನಾನು ಹೇಳಿದ್ದು ನನಗೇ ನೆನಪಿರಲಿಲ್ಲ.

ಗಾಡಿ ಹತ್ತಿದ ಮೇಲೆ ಕಿಟಕಿಗೆ ಬಗ್ಗಿದರು. “ಮೇಷ್ಟ್ರ, ನಾನೂ ಒಂದು ಗುರುತು ಹಾಕೀನಿ ನಿಮ್ಮ ಗಾಡ್ಯಾಗ.”

“ಎಲ್ಲಿ?”

“ನೀವು ನನಗ ಹೇಳಿದ್ರೇನು?”

“ಏನ್ ಗುರುತು? ಯಾಕ?”

“ಇನ್ನೊಬ್ರು ನನ್ನ ವೈರಿಂಗಿಗೆ ಕೈ ಹಾಕಿದ್ರ ನನಗ ತಿಳೀಬೇಕಲ್ರಿ. ದೀಪ ಹತ್ತತಾವ. ಇನ್ನ ಮ್ಯಾಲೆ ನಾ ನಿಮ್ಮ ಗಾಡಿ ಕೆಲಸಕ್ಕ ಹತ್ತಂಗಿಲ್ಲ.” ಬೆನ್ನು ತಿರುಗಿಸಿ ಶೆಡ್ಡಿನೊಳಗೆ ಹೋದರು.

ಮನೆಯಲ್ಲಿ ಹೆಂಡತಿಯನ್ನು ಕೇಳಿದೆ, ಆವತ್ತು ನಾನು ಎಷ್ಟು ದೀಪ ಕೆರೆದೆ ಎಂದು. “ಒಂದಽ. ಕಿರ್ ಕಿರ್ ಸಪ್ಪಳ ಏನ್ರಿ ಅಂತ ನಾ ಬಂದೆ, ನೀವು ಗಡಬಡಿಸಿ ಇನ್ನೊಂದನ್ನ ಮಂಚದ ತೆಳಗ ತಳ್ಳಿದ್ರಿ.” ನನಗೆ ಆ ಮಂಚ ನೆನಪಿಲ್ಲ. ಎರಡನೆಯ ‘ಅ’ ಕೆರೆದದ್ದು ನೆನಪಿದೆ, ಅದರ ಸುರುಳಿಯ ಸಮೇತ.

ಗುರುವಾರ ಮಂಜಿರಲಿಲ್ಲ. ಶನಿವಾರ ಇತ್ತು, ಸಂಕ್ರಾಂತಿಗೆ ಮುಂಚಿನ ಕೊನೆಯ ಶನಿವಾರ. ಮಂಗಳವಾರದಿಂದ ಅಲ್ಲಿಯವರೆಗೆ ಮಿಸ್ತ್ರಿಯ ಗುರುತಿಗಾಗಿ ಗಾಡಿಯ ಒಳಗೆಲ್ಲ ಹುಡುಕಿದ್ದೆ. ಬಾನೆಟ್ಟಿನ ಕೆಳಗೆ, ಫ್ಯೂಸಿನ ಡಬ್ಬಿಯಲ್ಲಿ, ಸೀಟಿನ ಅಡಿ. ಒಂದೊಂದು ನೂಲಿನ ಗಂಟನ್ನೂ ಇದೇ ಇರಬಹುದೇ ಎಂದು ನೋಡಿದ್ದೆ. ಗುರುತೇ ಹಾಕಿಲ್ಲ, ಸುಮ್ಮನೆ ಹೇಳಿದ್ದಾರೆ ಎಂದು ಒಮ್ಮೆ. ಯಾವುದೋ ಕೆಟ್ಟ ಮಾತು ಬರೆದಿದ್ದಾರೆ, ಗಾಡಿ ನೋಡುವವರಿಗೆಲ್ಲ ಅದು ಕಾಣುತ್ತಿದೆ, ನನಗೊಬ್ಬನಿಗೆ ಕಾಣುತ್ತಿಲ್ಲ ಎಂದು ಇನ್ನೊಮ್ಮೆ.

ಕಂಪ್ಲಿ ಬಿಟ್ಟು ಬರುತ್ತಿದ್ದೆವು. ಮೂರು ದೀಪವೂ ಮಿಣುಕದೆ ಉರಿಯುತ್ತಿದ್ದವು. ಮುಂದೆ ಕಬ್ಬಿನ ಟ್ರ್ಯಾಕ್ಟರು ಬಂತು. ಈ ಸಲ ಅದರ ಚಕ್ರದ ಮೇಲಿನ ಮಣ್ಣು ಸಹ ಮೊದಲೇ ಕಂಡಿತು. ನಿಧಾನವಾಗಿ ಬಳಸಿಕೊಂಡು ಮುಂದೆ ಬಂದೆ. ಸ್ಪಾಟಿನ ಬೆಳಕಲ್ಲಿ ಕಾಲುವೆಯ ಅಂಚಿನ ಹುಲ್ಲು ಎಳೆ ಎಳೆಯಾಗಿ ಹೊಳೆಯುತ್ತಿತ್ತು.

“ಹುಲ್ಲು ಕಾಣತೈತಲ್ಲೋ,” ಎಂದಳು ಅಕ್ಕ. ಅವಳ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತೆಂದು ನನಗೆ ಅನಿಸಿತು. ವ್ಯಾನಿಗೆ ಹೋಗಲು ಕಾರಣ ಸಿಗಲಿಲ್ಲವೆಂದೇ? ವ್ಯಾನಿನಲ್ಲಿ ಜೊತೆಗೆ ಮಾತಾಡಲು ಜನ ಇರುತ್ತಾರೆ. ಇದನ್ನೂ ಅನುಮಾನಿಸುತ್ತ ಅಭ್ಯಾಸಬಲದಿಂದ ಬಗ್ಗಿ ಡ್ಯಾಶಿನ ಕೆಳಗೆ ನೋಡಿದೆ.

“ಏನ್ ಹುಡುಕ್ತೀಯಲೇ?”

ಹೇಳಿದೆ. ‘ಅ’, ತಳ, ಕೆಂಪು ಧೂಳು, ‘ಆ’, ಮಿಸ್ತ್ರಿಯ ಗುರುತು, ಎಲ್ಲ. ಅವಳು ಪೂರ್ತಿ ಕೇಳಿದಳು. ಆಮೇಲೆ, ಡಯಾಲಿಸಿಸ್‌ಗೆಂದು ನರ ಜೋಡಿಸಿದ ಎಡಗೈಯನ್ನು ಮಡಿಲಲ್ಲಿ ಹುಷಾರಾಗಿ ಇಟ್ಟುಕೊಂಡು, ಬಲಗೈಯನ್ನು ಡ್ಯಾಶಿನ ಅಡಿಗೆ ಹಾಕಿ ತಡಕಾಡತೊಡಗಿದಳು. ವೈರಿನ ಜಡೆಯ ಮೇಲೆ ಬೆರಳುಗಳು ನಿಧಾನವಾಗಿ ಸರಿಯುವುದು ನನಗೆ ಕಾಣುತ್ತಿತ್ತು. ಒಂದು ಕಡೆ ನಿಂತವು.

“ಸಿಕ್ತು,” ಎಂದಳು.

“ಏನೈತಿ? ಅಕ್ಷರಾನಾ? ಗಂಟಾ?”

“ಹೇಳಂಗಿಲ್ಲ.”

“ಖರೇನ ಸಿಕ್ಕೈತೇನಬೇ?”

ಕೈ ಹೊರತೆಗೆದು ಶಾಲಿನೊಳಗೆ ಇಟ್ಟುಕೊಂಡಳು. ಅವಳ ಮುಖ ನೋಡಲು ತಿರುಗಿದೆ.

“ಈ ಕಡೆ ಏನೈತಿ? ರಸ್ತಿ ನೋಡು,” ಎಂದಳು. “ಮತ್ತ ಮಂಗಳವಾರ ಹತ್ತು ನಿಮಿಷ ಜಲ್ದಿ ಬಾ. ಗೇಟಿನ್ಯಾಗ ಭಾಳ ಚಳಿ ಇರ್ತೈತಿ.”